ಕರ್ಮಣಿ ಪ್ರಯೋಗ

ಇಪ್ಪತ್ತಾರು ವರ್ಷದಿಂದ ನಡಾವಳಿ ಬರೆಯುತ್ತಿದ್ದೇನೆ.
ಚರ್ಚಿಸಲಾಯಿತು. ಗಮನಿಸಲಾಯಿತು. ಅಂಗೀಕರಿಸಲಾಯಿತು.
ಯಾರು ಎಂದು ಕೇಳಬಾರದು;
ಈ ಕ್ರಿಯಾಪದಗಳಿಗೆ ಅಪ್ಪ ಅಮ್ಮ ಇಲ್ಲ,
ಕಡತದಲ್ಲಿ ತಾವಾಗಿ ಹುಟ್ಟಿ
ಕಡತದಲ್ಲೇ ಮುಪ್ಪಾಗುತ್ತವೆ.

ಫೆಬ್ರವರಿ ಹದಿನೇಳು. ಹನ್ನೊಂದಕ್ಕೆ ಕರೆದ ಸಭೆಗೆ
ಹನ್ನೊಂದೂ ಮುಕ್ಕಾಲಿಗೆ ಕೋರಂ ಕೂಡಿತು.
ಶಿವಮೊಗ್ಗದ ಬಿಸಿಲು ಕಿಟಕಿಗಾಜಿಗೆ ಹಣೆ ಹಚ್ಚಿ ನಿಂತಿತ್ತು.
ವಿಷಯ ಸಂಖ್ಯೆ ಒಂಬತ್ತು:
ಯಾವ ಪದವಿಗೆ ಸೇರಿದರೂ ಎಲ್ಲರೂ ಓದಲೇಬೇಕಾದ
ಒಂದು ಸಾಮಾನ್ಯ ಪತ್ರಿಕೆ.
ಸಾಮಾನ್ಯ ಎಂಬ ಪದದ ಮೇಲೇ ನಲವತ್ತು ನಿಮಿಷ ಹೋಯಿತು.

ಭೌತಶಾಸ್ತ್ರ ವಾರಕ್ಕೆ ನಾಲ್ಕು ಗಂಟೆ ಕೇಳಿತು,
ವಾಣಿಜ್ಯ ತನ್ನ ಆರರಲ್ಲಿ ಅರ್ಧವನ್ನೂ ಬಿಡೆನೆಂದಿತು,
ಕನ್ನಡದ ಹಾಲೇಶಪ್ಪನವರು ಎದ್ದು
ಹುಡುಗನೊಬ್ಬನ ರಜೆ ಅರ್ಜಿಯನ್ನು ತಪ್ಪುಗಳ ಸಮೇತ ಓದಿದರು.
ಎಲ್ಲರೂ ನಕ್ಕರು. ನಾನೂ.
ಆಮೇಲೆ ನೆನಪಾಯಿತು, ಆ ಒಕ್ಕಣೆ
ನಮ್ಮ ಕಚೇರಿಯ ಸುತ್ತೋಲೆಯದೇ ಎಂದು.

ಆಗ ಗುತ್ಯಪ್ಪ. ಇತಿಹಾಸ. ಸೊರಬದ ಕಡೆಯವರು.
ಮಾತಿಗೆ ಮೊದಲು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ,
ಎದುರಿನ ಮುಖಗಳು ಕಾಣದಿದ್ದರೆ ಧೈರ್ಯವಂತೆ.
ಎರಡನೇ ಬಿಕಾಂನ ಹುಡುಗನೊಬ್ಬ ಕೇಳಿದನಂತೆ:
ಸೊಪ್ಪಿಗೆ ಹೋದ ಚಿಕ್ಕಮ್ಮ
ಜ್ವರ ಬಂದ ಒಂಬತ್ತನೇ ದಿನ ತೀರಿಕೊಂಡಳು.
ಸತ್ತ ಮಂಗನ ಮೈಯಿಂದ ಇಳಿದ ಉಣುಗು
ಅವಳನ್ನೇ ಯಾಕೆ ಹುಡುಕಿತು ಸಾರ್?

ನಾನು ಇತಿಹಾಸದ ಮೇಷ್ಟ್ರು, ಎಂದರು ಗುತ್ಯಪ್ಪ,
ಪ್ರಾಣಿಶಾಸ್ತ್ರಕ್ಕೆ ಕಳಿಸಿದೆ.
ಅವರು ಉಣುಗಿನ ಕಾಲು ಎಣಿಸಿ ತೋರಿಸಿದರು.
ಕಾಡು ಕಡಿದ ಲೆಕ್ಕ ಅರ್ಥಶಾಸ್ತ್ರದಲ್ಲಂತೆ,
ಲಸಿಕೆ ನಿಂತದ್ದು ಯಾಕೆಂದು ರಾಜ್ಯಶಾಸ್ತ್ರ ಹೇಳಬೇಕಂತೆ.
ಹುಡುಗ ನಾಲ್ಕು ಮಹಡಿ ಹತ್ತಿಳಿದು
ಮತ್ತೆ ನನ್ನ ಬಾಗಿಲಿಗೇ ಬಂದ.
ಹೇಳಿ,
ಸತ್ತ ಮಂಗ ಯಾವ ವಿಭಾಗಕ್ಕೆ ಸೇರಿದ್ದು?

“ಅರಣ್ಯ ಇಲಾಖೆಗೆ” ಎಂದರು ಕೆದಿಲಾಯರು.
ಸಭೆ ಗೊಳ್ಳೆಂದಿತು. ಕುಲಪತಿಗಳ ಲೋಟದ ನೀರೂ ತುಳುಕಿತು.
ಗುತ್ಯಪ್ಪ ಕನ್ನಡಕ ಹಾಕಿಕೊಂಡರು.

ಗಣಿತದ ಸಬೀಹಾ ಮೇಡಂ ನಗದೆ ಕೇಳಿದ್ದು ಒಂದೇ:
ಈ ಪಾಠ ಮಾಡುವವರು ಯಾರು?
ಅತಿಥಿ ಉಪನ್ಯಾಸಕರು, ಎಂದಿತು ಸಭೆ,
ಆ ದಿನದ ಏಕೈಕ ಒಮ್ಮತ.
ಅತಿಥಿಗಳಿಗೆ ಈ ಕೋಣೆಯಲ್ಲಿ ಕುರ್ಚಿಯಿಲ್ಲ.
ಹದಿಮೂರು ವರ್ಷದಿಂದ ಅತಿಥಿಯಾಗಿರುವ ಶೈಲಾವತಿ
ಹೊರಗಿನ ಬೆಂಚಿನಲ್ಲಿ, ಉತ್ತರಪತ್ರಿಕೆಯ ಕಟ್ಟು ತೊಡೆಯ ಮೇಲಿಟ್ಟು,
ಬಿಲ್ಲಿನ ಸಹಿಗೆ ಕಾಯುತ್ತಿದ್ದಳು.
ತಿಥಿ ನೋಡದೆ ಬರುವವರು ಅತಿಥಿ ಅಂತಾರೆ.
ಇವಳಿಗೆ ತಿಥಿ ನೋಡದೆ ಬರುವುದು ಸಂಬಳ.

ಕೈ ಎತ್ತಿಸಿದರು. ಎಣಿಸಿದ್ದು ನಾನು.
ಹತ್ತೊಂಬತ್ತು, ಹತ್ತೊಂಬತ್ತು.
ಕೆದಿಲಾಯರ ಕೈ ಪೂರ್ತಿ ಏಳಲೂ ಇಲ್ಲ, ಇಳಿಯಲೂ ಇಲ್ಲ;
ಕಿವಿ ತುರಿಸಿಕೊಂಡರೋ
ಗುತ್ಯಪ್ಪನವರ ಕಡೆಗೆ ಬಂದರೋ.
ಕೇಳಬಹುದಿತ್ತು. ಗಂಟೆ ಎರಡಾಗಿತ್ತು,
ಕ್ಯಾಂಟೀನಿನ ಒಗ್ಗರಣೆ ಒಳಗೆ ಬಂದು ಕೂತಿತ್ತು.
ಉಪಸಮಿತಿಗೆ ವಹಿಸಲಾಯಿತು.

ರಾತ್ರಿ, ಗೋಪಾಳದ ಬಾಡಿಗೆ ಮನೆಯಲ್ಲಿ, ಕರಡು.
“ವಿವರವಾಗಿ ಚರ್ಚಿಸಲಾಯಿತು” ಎಂದು ಬರೆದು
ಪೆನ್ನು ನಿಂತಿತು.
ಆ ಹುಡುಗ ಈ ವಾಕ್ಯದಲ್ಲಿ ಎಲ್ಲಿ ಕೂರಬೇಕು?
ಅವನ ಚಿಕ್ಕಮ್ಮ? ಉಣುಗಾದರೂ?
ಕಳವು ಮಾಡಿದ ಹಾಗೆ ಒಂದು ಕರ್ತೃಪದ ತಂದು ಕೂರಿಸಿದೆ:
ಸತ್ತ ಮಂಗ ಯಾವ ವಿಭಾಗಕ್ಕೆ ಸೇರಿದ್ದೆಂದು
ಶ್ರೀ ಗುತ್ಯಪ್ಪ ಕೇಳಿದರು. ಸಭೆ ನಕ್ಕಿತು.

ಏಪ್ರಿಲ್. ವಿಷಯ ಸಂಖ್ಯೆ ಒಂದು,
ಹಿಂದಿನ ಸಭೆಯ ನಡಾವಳಿಯ ದೃಢೀಕರಣ.
ಯಾರೂ ಪುಟ ತಿರುಗಿಸುವುದಿಲ್ಲ, ಅದೇ ರೂಢಿ.
ಕೆದಿಲಾಯರು ನಾಲ್ಕನೇ ಪುಟದಲ್ಲಿ ತಡೆದರು,
ತಲೆಯೆತ್ತಿ ನನ್ನನ್ನು ನೋಡಿದರು.
“ಒಂದು ತಿದ್ದುಪಡಿ.”
ನನ್ನ ಬೆರಳು ತಣ್ಣಗಾದವು.

“ಸಭೆ ನಕ್ಕಿತು ಎಂಬಲ್ಲಿ,
ಅದಕ್ಕೆ ಮೊದಲು, ಉತ್ತರ ಕೊಟ್ಟವನ ಹೆಸರು
ಬಿಟ್ಟುಹೋಗಿದೆ.”